ಮುಟ್ಟಿದರೆ ಅಂಟದ ಕಾಯಿಲೆ



ನಮ್ಮ ಸೋದರತ್ತೆಯನ್ನು ಕೊಟ್ಟಿದ್ದು ಅರಿಶಿನಕುಂಟೆಗೆ. ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೊರಟರೆ ನೆಲಮಂಗಲಕ್ಕೆ ಅಂಟಿಕೊಂಡಂತೆ ಇರುವ ಊರು ಅದು. ಈಗ ಅಲ್ಲಿ ಹೆದ್ದಾರಿಯ ಲಾರಿಗಳ ಸದ್ದು, ಗೋದಾಮುಗಳ ಸಾಲು. ನಾನು ಚಿಕ್ಕವನಿದ್ದಾಗ ಹಬ್ಬಕ್ಕೆ ಹೋದರೆ ರಾಗಿ ಹೊಲದ ಬದುಗಳ ಮೇಲೆ ಓಡಾಡಿ ಕಾಲೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದೆ. ಅತ್ತೆಯ ಬೆರಳ ತುದಿಗಳು ಬೆಳ್ಳಗಿದ್ದವು. ತುಟಿಯ ಅಂಚಿನಲ್ಲೂ ಹಾಲು ಸೋಕಿದಂತೆ ಒಂದು ಬಿಳಿ ಗೆರೆ. ಮಕ್ಕಳಾದ ನಮಗೆ ಅದು ಅತ್ತೆಯ ಗುರುತು, ಅಷ್ಟೇ. ಆ ಬೆರಳುಗಳಿಂದಲೇ ಅವರು ಬಿಸಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನಮ್ಮ ಬಾಯಿಗಿಡುತ್ತಿದ್ದರು.

ಅವರ ಮಗಳ ಮದುವೆ ಬಂತು. ಅರಿಶಿನದ ಶಾಸ್ತ್ರದ ದಿನ ಅಂಗಳದಲ್ಲಿ ಹಸೆ ಹಾಕಿ ಹುಡುಗಿಯನ್ನು ಕೂರಿಸಿದ್ದರು. ಅರೆದ ಅರಿಶಿನದ ಬಟ್ಟಲು ಹಿಡಿದುಕೊಳ್ಳುವ ಕೆಲಸ ನನ್ನದು. ‘ಮುತ್ತೈದೆಯರು ಬನ್ರಮ್ಮ’ ಎಂದು ಹಿರಿಯರೊಬ್ಬರು ಕೂಗಿದರು. ಒಬ್ಬೊಬ್ಬರಾಗಿ ಬಂದು ಹುಡುಗಿಯ ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚಿ ಹೋದರು. ಹೆತ್ತ ತಾಯಿ ಮಾತ್ರ ಬರಲಿಲ್ಲ. ಆಮೇಲೆ ಹುಡುಕಿಕೊಂಡು ಹೋದರೆ ಅತ್ತೆ ಹಿತ್ತಲಲ್ಲಿ ಕೂತು ಪಾತ್ರೆ ಬೆಳಗುತ್ತಿದ್ದರು. ಬರಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಕರೆದಿರಲಿಲ್ಲ.

ಮುಂದೆ ನಾನು ಚರ್ಮರೋಗಗಳ ವೈದ್ಯನಾದೆ. ಅತ್ತೆಯ ಬೆರಳಿನಂಥ ಬೆರಳುಗಳನ್ನು ಎಷ್ಟೋ ಸಾರಿ ಕೈಯಲ್ಲಿ ಹಿಡಿದು ನೋಡಿದ್ದೇನೆ. ನನ್ನ ಎದುರು ಕೂತವರು ಮೊದಲು ಕೇಳುವುದು ಎರಡೇ ಪ್ರಶ್ನೆ. ‘ಡಾಕ್ಟ್ರೇ, ಇದು ಅಂಟುತ್ತಾ?’ ‘ಇದು ವಾಸಿಯಾಗುತ್ತಾ?’ ಈ ಎರಡು ಪ್ರಶ್ನೆಗೆ ನೇರವಾಗಿ ಉತ್ತರ ಹೇಳುವುದಕ್ಕೇ ಇವತ್ತು ಬಾನುಲಿಯ ಮುಂದೆ ಕೂತಿದ್ದೇನೆ.

ಮೊದಲ ಉತ್ತರ ಈಗಲೇ ಹೇಳಿಬಿಡುತ್ತೇನೆ. ತೊನ್ನು ಅಂಟುವುದಿಲ್ಲ. ಸೋರಿಯಾಸಿಸ್ ಅಂಟುವುದಿಲ್ಲ. ಮೈಯೆಲ್ಲ ನೀರುಗುಳ್ಳೆ ಏಳುವ ಪೆಂಫಿಗಸ್, ಕೆನ್ನೆ ಮೇಲೆ ಚಿಟ್ಟೆ ಕೂತಂತೆ ಕೆಂಪಾಗುವ ಲೂಪಸ್, ಇವೂ ಅಂಟುವುದಿಲ್ಲ. ಮುಟ್ಟಿದರೆ ಬರುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಅವರು ಉಟ್ಟ ಬಟ್ಟೆ ಉಟ್ಟರೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎನ್ನುವುದು ತಿಳಿಯಬೇಕಾದರೆ ಈ ಕಾಯಿಲೆಗಳು ಹುಟ್ಟುವ ಬಗೆ ತಿಳಿಯಬೇಕು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ನಮ್ಮ ದೇಹಕ್ಕೂ ಒಂದು ಬೇಲಿ ಇದೆ, ರಕ್ತದಲ್ಲಿ ಓಡಾಡುವ ಬಿಳಿ ರಕ್ತಕಣಗಳ ಬೇಲಿ. ಹೊರಗಿನಿಂದ ಬರುವ ರೋಗಾಣುಗಳನ್ನು ಗುರುತಿಸಿ ಹೊಡೆದುಹಾಕುವುದು ಅವುಗಳ ಕೆಲಸ. ಹಾಗೆ ಹೊಡೆಯಬೇಕಾದರೆ ನಮ್ಮವರು ಯಾರು, ಹೊರಗಿನವರು ಯಾರು ಎನ್ನುವುದು ಅವುಗಳಿಗೆ ತಿಳಿದಿರಬೇಕು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಚಿಕ್ಕ ಗ್ರಂಥಿಯಿದೆ. ಟಿ ಕಣಗಳೆಂಬ ಕಾವಲಿನವರಿಗೆ ಪಾಠಶಾಲೆ ಅದೇ. ತನ್ನ ದೇಹದ ಮೇಲೇ ಎಗರುವ ಕಣಗಳನ್ನು ಅಲ್ಲಿಯೇ ಕಳೆಯ ಹಾಗೆ ಕಿತ್ತುಹಾಕಲಾಗುತ್ತದೆ. ಆದರೂ ಕೆಲವು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ಅವುಗಳನ್ನು ಅಂಕೆಯಲ್ಲಿಡಲು ಇನ್ನೊಂದು ಬಗೆಯ ಟಿ ಕಣಗಳಿವೆ, ಕಾವಲಿನವರನ್ನೇ ಕಾಯುವ ಕಣಗಳು. ಈ ಏರ್ಪಾಡನ್ನು ಬಿಡಿಸಿ ತೋರಿಸಿದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಹುಮಾನ ಬಂತು.

ಈ ಅಂಕೆ ಎಲ್ಲೋ ಸಡಿಲವಾದಾಗ ಬೇಲಿ ಹೊಲವನ್ನು ಮೇಯುತ್ತದೆ. ದೇಹದ ರಕ್ಷಣೆಯೇ ದೇಹದ ಮೇಲೆ ತಿರುಗಿಬೀಳುತ್ತದೆ. ವೈದ್ಯರು ಇದನ್ನು ಸ್ವಯಂ ನಿರೋಧಕ ಕಾಯಿಲೆ ಅಥವಾ ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಇಲ್ಲಿ ಹೊರಗಿನಿಂದ ಬಂದ ಹುಳು ಇಲ್ಲ, ರೋಗಾಣು ಇಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಕ್ಕೆ ಏನೂ ಇಲ್ಲ. ಹಾಗಾಗಿಯೇ ಅದು ಅಂಟುವುದಿಲ್ಲ.

ಹಾಗಾದರೆ ವಂಶದಿಂದ ಬರುತ್ತದೆಯೇ? ಮನೆತನದಲ್ಲಿ ಒಲವು ಬರಬಹುದು, ಕಾಯಿಲೆ ಬಂದೇ ಬರುತ್ತದೆ ಎಂದಿಲ್ಲ. ಒಂದೇ ಅಂಡದಿಂದ ಹುಟ್ಟಿದ, ಒಂದೇ ಅಚ್ಚಿನ ಅವಳಿಗಳನ್ನು ಪರೀಕ್ಷಿಸಿದಾಗ, ಒಬ್ಬರಿಗೆ ತೊನ್ನು ಇದ್ದರೆ ಇನ್ನೊಬ್ಬರಿಗೂ ಇದ್ದದ್ದು ನೂರಕ್ಕೆ ಸುಮಾರು 23 ಜೋಡಿಗಳಲ್ಲಿ ಮಾತ್ರ. ರಕ್ತ ಮಾಂಸ ಎಲ್ಲ ಒಂದೇ ಆದ ಅವಳಿಗಳ ಪಾಡೇ ಹೀಗಿರುವಾಗ, ಆ ಮನೆಯ ಹೆಣ್ಣು ತಂದರೆ ಮೊಮ್ಮಕ್ಕಳಿಗೂ ಬರುತ್ತದೆ ಎಂದು ಸಂಬಂಧ ಮುರಿಯುವುದು ಎಂಥ ಅನ್ಯಾಯ, ನೀವೇ ಯೋಚಿಸಿ.

ಈಗ ಒಂದೊಂದಾಗಿ ನೋಡೋಣ. ತೊನ್ನು ಲೋಕದಲ್ಲಿ ನೂರಕ್ಕೆ ಅರ್ಧದಿಂದ ಎರಡರಷ್ಟು ಜನರಲ್ಲಿ ಕಾಣುವ ಕಾಯಿಲೆ. ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ಟಿ ಕಣಗಳು ಕೊಲ್ಲುತ್ತವೆ. ಆ ಜಾಗ ಹಾಲಿನಂತೆ ಬೆಳ್ಳಗಾಗುತ್ತದೆ. ನೋವಿಲ್ಲ, ಸಾಮಾನ್ಯವಾಗಿ ತುರಿಕೆಯೂ ಇಲ್ಲ, ಜೀವಕ್ಕೆ ಅಪಾಯವಿಲ್ಲ. ಆದರೆ ನಮ್ಮ ಜನ ಇದನ್ನು ಬಿಳಿ ಕುಷ್ಠ ಎಂದು ಕರೆದುಬಿಟ್ಟರು. ಆ ಒಂದು ಹೆಸರು ಮಾಡಿದ ಹಾನಿಯನ್ನು ಕಾಯಿಲೆ ಮಾಡಿಲ್ಲ. ಕುಷ್ಠ ಬೇರೆ, ತೊನ್ನು ಬೇರೆ. ಕುಷ್ಠ ರೋಗಾಣುವಿನಿಂದ ಬರುತ್ತದೆ. ಅದರ ಮಚ್ಚೆ ಮಾಸಲು ಬಣ್ಣದ್ದು, ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ತೊನ್ನಿನ ಮಚ್ಚೆ ಅಚ್ಚ ಬಿಳುಪು, ಅಲ್ಲಿ ಸ್ಪರ್ಶ ಎಂದಿನಂತೆ ಇರುತ್ತದೆ. ಕುಷ್ಠಕ್ಕೂ ಈಗ ಹೆದರಬೇಕಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಪೂರ್ತಿ ಗುಣ ಮಾಡುವ ಔಷಧ ಉಚಿತವಾಗಿ ಸಿಗುತ್ತದೆ. ಕುಷ್ಠ ಎನ್ನುವ ಕಾರಣ ಕೊಟ್ಟು ವಿಚ್ಛೇದನ ಕೇಳುವ ಅವಕಾಶವನ್ನೂ 2019ರಲ್ಲಿ ಸಂಸತ್ತು ವಿವಾಹ ಕಾನೂನುಗಳಿಂದ ತೆಗೆದುಹಾಕಿತು. ಕಾನೂನು ಬಿಟ್ಟುಕೊಟ್ಟದ್ದನ್ನು ನಾವು ಮನೆಯಲ್ಲಿ ಹಿಡಿದುಕೊಂಡು ಕೂರುವುದು ಬೇಡ.

ಹೆಣ್ಣುಮಕ್ಕಳು ಒಂದು ಮಾತು ಗಮನಿಸಬೇಕು. ಹಣೆಗೆ ಇಡುವ ಸ್ಟಿಕ್ಕರಿನ ಅಂಟಿನಲ್ಲಿ ಇರಬಹುದಾದ ಕೆಲವು ರಾಸಾಯನಿಕಗಳು ಬಣ್ಣದ ಕಣಗಳಿಗೆ ವಿಷ. ಸ್ಟಿಕ್ಕರ್ ಇಡುವ ಜಾಗದಲ್ಲೇ ದುಂಡಗೆ ಬಿಳಿ ಮಚ್ಚೆ ಕಂಡರೆ ಅದನ್ನು ಅಂದೇ ನಿಲ್ಲಿಸಿ. ರಬ್ಬರ್ ಚಪ್ಪಲಿಯ ಪಟ್ಟಿ ಕೂರುವ ಕಡೆ ಬಿಳಿ ಗೆರೆ ಬಂದರೆ ಚಪ್ಪಲಿ ಬದಲಿಸಿ. ಕಾರ್ಖಾನೆಗಳಲ್ಲಿ ರಬ್ಬರ್ ಕೈಗವಸು ಹಾಕಿ, ರಾಸಾಯನಿಕ ಮುಟ್ಟಿ ಕೆಲಸ ಮಾಡುವವರು ಕೈ ಬೆಳ್ಳಗಾಗುತ್ತಿದ್ದರೆ ವೈದ್ಯರಿಗೆ ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. ಇನ್ನೊಂದು ಗುಣ ತೊನ್ನಿಗೂ ಸೋರಿಯಾಸಿಸ್‌ಗೂ ಇದೆ. ಚರ್ಮಕ್ಕೆ ಎಲ್ಲಿ ಪೆಟ್ಟು, ಉಜ್ಜಾಟ ಆಗುತ್ತದೋ ಅಲ್ಲಿಯೇ ಹೊಸ ಮಚ್ಚೆ ಏಳುತ್ತದೆ. ಲಂಗದ ಲಾಡಿ ಬಿಗಿಯಾಗಿ ಕೂತ ಸೊಂಟದಲ್ಲಿ, ಉಡಿದಾರದ ಗೆರೆಯಲ್ಲಿ, ಕೆರೆದುಕೊಂಡ ಗೀರಿನಲ್ಲಿ ಕಾಯಿಲೆ ಸಾಲಾಗಿ ಮೂಡಿದ್ದನ್ನು ಕಂಡಿದ್ದೇನೆ. ಲಾಡಿ ಅಗಲವಾಗಿರಲಿ, ಸಡಿಲವಾಗಿರಲಿ. ಸ್ನಾನದಲ್ಲಿ ಕಲ್ಲು, ನಾರು ಹಾಕಿ ತಿಕ್ಕಬೇಡಿ.

ತೊನ್ನಿನ ಚಿಕಿತ್ಸೆಯಲ್ಲಿ ನಮ್ಮ ನೆಲದ ಒಂದು ಗಿಡದ ಪಾತ್ರವಿದೆ. ಬಾವಂಚಿ ಬೀಜವನ್ನು ಆಯುರ್ವೇದದವರು ತೊನ್ನಿಗೆ ಬಹುಕಾಲದಿಂದ ಬಳಸಿದ್ದಾರೆ. ಅದರಲ್ಲಿರುವ ಸೋರಾಲೆನ್ ಎಂಬ ಅಂಶ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತದೆ. ಈಜಿಪ್ಟಿನ ವೈದ್ಯರು ತಮ್ಮ ಕಡೆಯ ಇನ್ನೊಂದು ಗಿಡದಲ್ಲಿ ಇದೇ ಜಾತಿಯ ಅಂಶ ಕಂಡು 1940ರ ದಶಕದಲ್ಲಿ ಅದನ್ನು ಆಧುನಿಕ ಔಷಧವಾಗಿ ಮಾಡಿದರು. ಆದರೆ ಬಾವಂಚಿ ತೇದು ಮೈಗೆ ಹಚ್ಚಿ ಬಿಸಿಲಿಗೆ ನಿಂತು ಸುಟ್ಟ ಗುಳ್ಳೆಯೊಂದಿಗೆ ಬಂದವರನ್ನು ನೋಡಿದ್ದೇನೆ. ಎಷ್ಟು ಔಷಧ, ಎಷ್ಟು ಹೊತ್ತು ಬಿಸಿಲು, ಕಣ್ಣಿಗೆ ಏನು ರಕ್ಷಣೆ ಎಂಬುದು ಅಳತೆಯ ಲೆಕ್ಕ. ವೈದ್ಯರಿಲ್ಲದೆ ಅದು ಬೇಡ. ಈಗ ಸೋರಾಲೆನ್ ಇಲ್ಲದೆಯೇ, 311 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಮಾತ್ರ ಕೊಡುವ ದೀಪದ ಪೆಟ್ಟಿಗೆಗಳಿವೆ. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನಿಲ್ಲಬೇಕು. ಮಚ್ಚೆಗಳು ಬೇಗ ಹಬ್ಬುತ್ತಿದ್ದರೆ ವಾರದಲ್ಲಿ ಎರಡೇ ದಿನ ಸ್ಟೀರಾಯ್ಡ್ ಮಾತ್ರೆ ಕೊಡುವ ವಿಧಾನವನ್ನು 1993ರಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯ ಪಸ್ರೀಚಾ ಮತ್ತು ಖೇತಾನ್ ಪ್ರಕಟಿಸಿದರು. ವರ್ಷಗಟ್ಟಲೆ ಹಬ್ಬದೆ ನಿಂತ ಮಚ್ಚೆಗೆ ಒಳ್ಳೆಯ ಜಾಗದ ಚರ್ಮವನ್ನೋ ಬಣ್ಣದ ಕಣಗಳನ್ನೋ ನಾಟಿ ಮಾಡುವ ಶಸ್ತ್ರಚಿಕಿತ್ಸೆ ಇದೆ. 2022ರಲ್ಲಿ ರುಕ್ಸೋಲಿಟಿನಿಬ್ ಎಂಬ ಮುಲಾಮಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ತೊನ್ನಿಗೆ ಬಣ್ಣ ಮರಳಿಸುವುದಕ್ಕೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಔಷಧ ಅದು.

ಆದರೆ ಒಂದು ಸತ್ಯ ಹೇಳಲೇಬೇಕು. ಬಣ್ಣ ಮರಳುವುದು ಕೂದಲಿನ ಬುಡದಿಂದ. ಅಲ್ಲಿ ಉಳಿದ ಬಣ್ಣದ ಕಣಗಳು ಚುಕ್ಕೆ ಚುಕ್ಕೆಯಾಗಿ ಹೊರಗೆ ಹಬ್ಬುತ್ತವೆ. ಹಾಗಾಗಿ ಮುಖ, ಕುತ್ತಿಗೆಯ ಮಚ್ಚೆ ಬೇಗ ತುಂಬುತ್ತದೆ. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲಿಲ್ಲ. ಅಲ್ಲಿ ಬಣ್ಣ ಮರಳುವುದು ಬಲು ಕಷ್ಟ. ನಮ್ಮ ಅತ್ತೆಯ ಬೆರಳುಗಳು ಇವತ್ತಿನ ಔಷಧಗಳಿಗೂ ಸುಲಭವಾಗಿ ಬಗ್ಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದ ಚಿಕಿತ್ಸೆಯ ದೊಡ್ಡ ಪಾಲು ಆ ಅಂಗಳದಲ್ಲಿ ನೆರೆದ ಜನರ ಕೈಯಲ್ಲಿತ್ತು.

ಸೋರಿಯಾಸಿಸ್‌ಗೆ ಬರೋಣ. ನಮ್ಮ ಕಡೆ ಇದನ್ನೂ ಗಜಕರ್ಣವನ್ನೂ ಸೇರಿಸಿ ಇಸುಬು ಎಂದು ಒಂದೇ ಹೆಸರಿನಲ್ಲಿ ಕರೆಯುವುದುಂಟು. ನಮ್ಮ ಮೇಲ್ಚರ್ಮ ಬುಡದಲ್ಲಿ ಹುಟ್ಟಿ, ಮೇಲೆ ಬಂದು, ಉದುರುವುದಕ್ಕೆ ಸುಮಾರು ನಾಲ್ಕು ವಾರ ಬೇಕು. ಸೋರಿಯಾಸಿಸ್‌ನಲ್ಲಿ ತಪ್ಪು ಸಂದೇಶ ಸಿಕ್ಕ ಚರ್ಮ ಮೂರು ನಾಲ್ಕು ದಿನಗಳಲ್ಲೇ ಆ ದಾರಿ ಮುಗಿಸುತ್ತದೆ. ಹಣ್ಣಾಗದ ಚರ್ಮ ಪದರ ಪದರವಾಗಿ ಕೂತು ಬೆಳ್ಳಿಯಂಥ ಹೊಪ್ಪಳಿಕೆ ಏಳುತ್ತದೆ. ಮೊಣಕೈ, ಮೊಣಕಾಲು, ಬೆನ್ನು, ತಲೆ ಇದರ ಮೆಚ್ಚಿನ ಜಾಗ. ತಲೆಯದನ್ನು ಹೊಟ್ಟು ಎಂದು ತಿಳಿದು ವರ್ಷಗಟ್ಟಲೆ ಶಾಂಪೂ ಬದಲಿಸುವವರಿದ್ದಾರೆ. ಉಗುರಿನಲ್ಲಿ ಸೂಜಿ ಚುಚ್ಚಿದಂತೆ ಗುಳಿಗಳು ಬಿದ್ದರೆ, ಬೆಳಿಗ್ಗೆ ಎದ್ದಾಗ ಬೆರಳ ಕೀಲು ಬಿಗಿದರೆ ತಡಮಾಡಬೇಡಿ. ಈ ಕಾಯಿಲೆ ಕೀಲುಗಳನ್ನೂ ಹಿಡಿಯಬಲ್ಲದು, ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆಗಳ ಜೊತೆಗೂ ಇದಕ್ಕೆ ನಂಟಿದೆ. ಲೋಕದಲ್ಲಿ ಕನಿಷ್ಠ 10 ಕೋಟಿ ಜನರಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮಾಗಿಯ ಚಳಿಯಲ್ಲಿ ಇದು ಹೆಚ್ಚುತ್ತದೆ. ಗಂಟಲು ನೋವು ಬಂದು ಹೋದ ಮೇಲೆ ಹೆಚ್ಚಬಹುದು. ಮನಸ್ಸಿನ ತಳಮಳ, ಕುಡಿತ, ಬೀಡಿ ಸಿಗರೇಟು, ಏರಿದ ತೂಕ ಇದನ್ನು ಕೆಣಕುತ್ತವೆ. ಸ್ನಾನ ಮುಗಿದ ಕೂಡಲೇ, ಮೈ ಇನ್ನೂ ತುಸು ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಕಾಸು ಕಡಿಮೆ, ಫಲ ಹೆಚ್ಚು. ಹೊಸ ಕಾಲದ ಔಷಧಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ. ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನ ಸಂಸ್ಥೆಯೊಂದರ ಜೊತೆಗೂಡಿ ಬೆಳೆಸಿದ ಇಟೊಲಿಜುಮ್ಯಾಬ್ ಎಂಬ ಚುಚ್ಚುಮದ್ದಿಗೆ 2013ರಲ್ಲಿ ಸೋರಿಯಾಸಿಸ್‌ಗಾಗಿ ಭಾರತದಲ್ಲಿ ಅನುಮತಿ ಸಿಕ್ಕಿತು. ಇಂಥ ಜೈವಿಕ ಔಷಧಗಳು ಎಲ್ಲರ ಕೈಗೆಟಕುವುದಿಲ್ಲ. ಬಹಳ ಜನರಿಗೆ ಅವು ಬೇಕಾಗುವುದೂ ಇಲ್ಲ.

ತಲೆಯಲ್ಲಿ, ಗಡ್ಡದಲ್ಲಿ ಕಾಸಿನಗಲ ಕೂದಲು ಉದುರಿ ನುಣ್ಣಗಾದರೆ ನಮ್ಮವರು ಹುಳ ತಿಂದಿದೆ ಎನ್ನುತ್ತಾರೆ. ಅಲ್ಲಿ ಯಾವ ಹುಳವೂ ಇಲ್ಲ. ಅದೂ ಬೇಲಿ ಹೊಲ ಮೇಯ್ದ ಕಥೆಯೇ. ಹೆಚ್ಚಿನವರಿಗೆ ಕೂದಲು ಮತ್ತೆ ಬರುತ್ತದೆ. ಹುಳ ಕೊಲ್ಲಲೆಂದು ಗೇರಿನ ಸೊನೆ, ಬೆಳ್ಳುಳ್ಳಿ ಹಚ್ಚಿ ತಲೆ ಸುಟ್ಟುಕೊಳ್ಳಬೇಡಿ.

ಇನ್ನೆರಡು ಕಾಯಿಲೆಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಒಂದು ಪೆಂಫಿಗಸ್. ಚರ್ಮದ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಬೆಸುಗೆಯ ಮೇಲೆ ದಾಳಿ ನಡೆಯುತ್ತದೆ. ಗಾರೆ ಬಿಟ್ಟ ಗೋಡೆಯಂತೆ ಚರ್ಮ ಸಡಿಲವಾಗಿ, ತೆಳುವಾದ ನೀರುಗುಳ್ಳೆಗಳು ಎದ್ದು ಒಡೆಯುತ್ತವೆ. ಬಹಳ ಜನರಲ್ಲಿ ಇದು ಬಾಯಿಹುಣ್ಣಾಗಿ ಶುರುವಾಗುತ್ತದೆ. ಉಷ್ಣ ಎಂದು ಎಳನೀರು ಕುಡಿಯುತ್ತಾ, ಬಿ ಕಾಂಪ್ಲೆಕ್ಸ್ ನುಂಗುತ್ತಾ ತಿಂಗಳು ಕಳೆಯುತ್ತಾರೆ. ಎರಡು ಮೂರು ವಾರ ದಾಟಿಯೂ ಬಾಯಿಹುಣ್ಣು ಮಾಯದಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸ್ಟೀರಾಯ್ಡ್ ಬರುವ ಮುನ್ನ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ಅದೇ ಪಸ್ರೀಚಾ ಅವರು ರಾಮ್‌ಜಿ ಗುಪ್ತಾ ಅವರೊಡನೆ, ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದ ಔಷಧವನ್ನು ರಕ್ತನಾಳದ ಮೂಲಕ ಕೊಡುವ ಪಲ್ಸ್ ಚಿಕಿತ್ಸೆ ಆರಂಭಿಸಿದರು. ನಮ್ಮ ದೇಶದ ಎಷ್ಟೋ ಜೀವಗಳನ್ನು ಅದು ಉಳಿಸಿತು. ಈಗ ರಿಟುಕ್ಸಿಮ್ಯಾಬ್ ಎಂಬ ಔಷಧವೂ ಇದೆ. ಮೈಯೆಲ್ಲ ಹಸಿಯಾದ ರೋಗಿಗೆ ಹತ್ತಿಯ ಹಾಸಿಗೆ ಅಂಟಿಕೊಂಡು ಚರ್ಮ ಕಿತ್ತುಬರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇಂಥವರನ್ನು ಬಾಳೆ ಎಲೆಯ ಮೇಲೆ ಮಲಗಿಸಿ ಆರೈಕೆ ಮಾಡುವ ಪದ್ಧತಿಯುಂಟು. ನುಣುಪು, ತಂಪು, ಅಂಟುವುದಿಲ್ಲ. ಊಟಕ್ಕೆ ಹಾಸುವ ಎಲೆ ಅಲ್ಲಿ ಹಾಸಿಗೆಯಾಗುತ್ತದೆ.

ಇನ್ನೊಂದು ಲೂಪಸ್. ಇದು ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹರೆಯದವರು. ಮೂಗು, ಕೆನ್ನೆಯ ಮೇಲೆ ಕೆಂಪು, ಬಿಸಿಲಿಗೆ ಹೋದರೆ ಉರಿ, ಕೀಲುನೋವು, ಬಿಡದ ಸುಸ್ತು, ಬಂದು ಬಂದು ಹೋಗುವ ಜ್ವರ. ಇದು ಚರ್ಮದಲ್ಲೇ ನಿಲ್ಲದೆ ಮೂತ್ರಪಿಂಡಕ್ಕೂ ಇಳಿಯಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟ, ಹೂವಿನ ತೋಟಗಳಲ್ಲಿ ದಿನವಿಡೀ ಬಿಸಿಲಿನಲ್ಲಿ ದುಡಿಯುವ ಹೆಣ್ಣುಮಗಳು ಮುಖದ ಕೆಂಪನ್ನು ಬಿಸಿಲಿನ ಬೊಕ್ಕೆ ಎಂದು ತಳ್ಳಿಹಾಕುವುದು ಸುಲಭ. ರಕ್ತ, ಮೂತ್ರದ ಪರೀಕ್ಷೆ ಮಾಡಿಸಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆ ಇದರ ಬೆನ್ನೆಲುಬು. 2020ರ ಕೊರೊನಾ ದಿನಗಳಲ್ಲಿ ಎಲ್ಲರೂ ಅದನ್ನೇ ಕೊಂಡು ಕೂಡಿಟ್ಟಾಗ, ನಿಜವಾಗಿ ಬೇಕಾದ ಈ ಹೆಣ್ಣುಮಕ್ಕಳು ಅಂಗಡಿ ಅಂಗಡಿ ಅಲೆದರು. ಈ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಹೇಳಿದಾಗ ಕಣ್ಣಿನ ಪರೀಕ್ಷೆ ತಪ್ಪಿಸಬಾರದು.

ಈಗ ಎರಡನೆಯ ಪ್ರಶ್ನೆ. ವಾಸಿಯಾಗುತ್ತಾ?

ಅರಿಶಿನಕುಂಟೆ ಎಂಬ ಹೆಸರಿನಲ್ಲಿ ಎರಡು ಮಾತುಗಳಿವೆ. ಅರಿಶಿನ ಒಂದು, ಕುಂಟೆ ಒಂದು. ಚರ್ಮಕ್ಕೆ ಏನಾದರೂ ನಮ್ಮ ಕೈ ಮೊದಲು ಹೋಗುವುದು ಅಡುಗೆಮನೆಯ ಅರಿಶಿನದ ಡಬ್ಬಿಗೆ. ಅರಿಶಿನದ ಮೇಲೆ ನನಗೂ ಅಭಿಮಾನವಿದೆ. ಗಾಯ ಮಾಯಿಸುವ ಅದರ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಾಗ, ಇದು ನಮ್ಮ ಅಜ್ಜಿಯಂದಿರಿಗೇ ಗೊತ್ತಿದ್ದ ವಿದ್ಯೆ ಎಂದು ನಮ್ಮ ದೇಶದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ ವಾದಿಸಿತು, 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಆದರೆ ತರಚು ಗಾಯಕ್ಕೆ ಒದಗುವ ಅರಿಶಿನ, ದಾರಿ ತಪ್ಪಿದ ಟಿ ಕಣಗಳನ್ನು ದಾರಿಗೆ ತರಲಾರದು. ಒಂದು ಸಲ ಹಚ್ಚಿದರೆ ಮಾಯಬೇಕು ಎನ್ನುವ ಅರಿಶಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿ ನಡೆಯುವುದು ಕುಂಟೆಯ ಲೆಕ್ಕ. ಹೊಳೆಯಿಲ್ಲದ ನಮ್ಮ ಬಯಲುಸೀಮೆಯಲ್ಲಿ ಹಿರಿಯರು ನೀರು ನಿಲ್ಲಿಸಲು ಕುಂಟೆ ಕಟ್ಟಿದರು. ಕಟ್ಟಿದ ಮೇಲೆ ಕೈ ತೊಳೆದುಕೊಳ್ಳಲಿಲ್ಲ. ಮಳೆ ಬಂದರೆ ತುಂಬುತ್ತದೆ, ಬೇಸಿಗೆಗೆ ಇಳಿಯುತ್ತದೆ. ಇಳಿದಾಗ ಹೂಳೆತ್ತಬೇಕು, ಏರಿ ನೋಡಬೇಕು, ನೀರು ಬರುವ ಕಾಲುವೆ ಬಿಡಿಸಬೇಕು. ಈ ವರ್ಷ ಹೂಳೆತ್ತಿದ್ದೇವೆ, ಇನ್ನು ಬೇಡ ಎನ್ನುವಂತಿಲ್ಲ. ಈ ಕಾಯಿಲೆಗಳೂ ಹಾಗೆಯೇ ಉಕ್ಕುತ್ತವೆ, ಇಳಿಯುತ್ತವೆ. ಇಳಿದಾಗ ವಾಸಿಯಾಯಿತೆಂದು ಔಷಧ ಬಿಡುವವರು, ಉಕ್ಕಿದಾಗ ವೈದ್ಯರು ಸರಿಯಿಲ್ಲವೆಂದು ಊರೂರು ಅಲೆಯುವವರು, ಇಬ್ಬರೂ ಸೋಲುತ್ತಾರೆ. ಬೇರುಸಹಿತ ಕೀಳುತ್ತೇನೆ ಎಂದು ಯಾರಾದರೂ ಭಾಷೆ ಕೊಟ್ಟರೆ ನಂಬಬೇಡಿ. ಹತೋಟಿಯಲ್ಲಿ ಇಡಬಹುದು, ಎಲ್ಲರಂತೆ ಬಾಳಬಹುದು ಎಂದರೆ ನಂಬಿ. ಸಕ್ಕರೆ ಕಾಯಿಲೆಗೆ ವಾಸಿ ಎಂಬ ಮಾತು ಕೇಳದೆ ನಾವು ಬಾಳು ನಡೆಸುತ್ತಿಲ್ಲವೇ? ಹಾಗೆ.

ಕುಂಟೆ ಕಾಯುವ ಕೆಲವು ನಿಯಮಗಳನ್ನು ಹೇಳುತ್ತೇನೆ. ಮೊದಲನೆಯದು ಸ್ಟೀರಾಯ್ಡ್. ಅದು ಹರಿತವಾದ ಕುಡುಗೋಲು. ಬಲ್ಲವರ ಕೈಯಲ್ಲಿ ಬೆಳೆ ಕೊಯ್ಯುತ್ತದೆ, ಅರಿಯದವರ ಕೈಯಲ್ಲಿ ಬೆರಳು ಕೊಯ್ಯುತ್ತದೆ. ಅಂಗಡಿಯಲ್ಲಿ ‘ಇಸುಬಿಗೆ ಒಂದು ಟ್ಯೂಬ್ ಕೊಡಿ’ ಎಂದು ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇದಕ್ಕೇ. ಮಾತ್ರೆಯಾಗಿ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂ ಬೇಡಿ. ಸೋರಿಯಾಸಿಸ್ ಇದ್ದವರು ಹಾಗೆ ದಿಢೀರನೆ ನಿಲ್ಲಿಸಿದಾಗ ಮೈಯೆಲ್ಲ ಕೆಂಪಾಗಿ, ಕೀವುಗುಳ್ಳೆ ಎದ್ದು ಪ್ರಾಣಕ್ಕೆ ಬಂದದ್ದುಂಟು. ಹೆಸರಿಲ್ಲದ ಪುಡಿ, ಗುಳಿಗೆ ಎರಡೇ ದಿನದಲ್ಲಿ ಮಂತ್ರದಂತೆ ಕೆಲಸ ಮಾಡಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು ಎಂದು ಅನುಮಾನಿಸಿ.

ಎರಡನೆಯದು ಮೆಥೊಟ್ರೆಕ್ಸೇಟ್ ಮಾತ್ರೆ. ಸೋರಿಯಾಸಿಸ್‌ಗೆ ಕಡಿಮೆ ಬೆಲೆಯಲ್ಲಿ ಸಿಗುವ ಒಳ್ಳೆಯ ಔಷಧ. ಈ ಜಾತಿಯ ಔಷಧಗಳ ಹುಟ್ಟಿನ ಹಿಂದೆ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಶ್ರಮವಿದೆ. ಆದರೆ ದಯವಿಟ್ಟು ಕಿವಿಗೊಟ್ಟು ಕೇಳಿ. ಇದು ವಾರಕ್ಕೆ ಒಂದೇ ದಿನದ ಮಾತ್ರೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು. ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಭಾನುವಾರದ ಮಾತ್ರೆ ಎಂದೇ ಮನೆಯವರೆಲ್ಲರಿಗೂ ಹೇಳಿ, ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆಸಿಕೊಳ್ಳಿ. ಇದನ್ನು ತೆಗೆದುಕೊಳ್ಳುವಾಗ ಕುಡಿತ ಕೂಡದು, ಬಸಿರು ಕೂಡದು, ರಕ್ತಪರೀಕ್ಷೆ ತಪ್ಪಿಸಕೂಡದು.

ಮೂರನೆಯದು ಪಥ್ಯ. ಬದನೆಕಾಯಿ ನಂಜು, ಮೀನು ನಂಜು, ಮೀನು ತಿಂದು ಹಾಲು ಕುಡಿದರೆ ತೊನ್ನು ಎಂದು ತಟ್ಟೆಯಿಂದ ಒಂದೊಂದೇ ತೆಗೆದುಹಾಕಿ ಕೊನೆಗೆ ಸೊರಗಿದ ಮಕ್ಕಳನ್ನು ನೋಡಿದ್ದೇನೆ. ಈ ನಂಬಿಕೆಗಳಿಗೆ ಆಧಾರವಿಲ್ಲ. ಮುದ್ದೆ, ಸೊಪ್ಪು, ಕಾಳು, ಮೊಟ್ಟೆ, ಮೀನು, ಹಾಲು, ಒಗ್ಗುವುದನ್ನೆಲ್ಲ ಉಣ್ಣಿ. ಸೋರಿಯಾಸಿಸ್ ಇದ್ದವರು ತೂಕ ಇಳಿಸಿದರೆ ಕಾಯಿಲೆಯೂ ತುಸು ಇಳಿಯುತ್ತದೆ. ತೊನ್ನು ಇರುವವರು ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಆ ಗ್ರಂಥಿಯ ಮೇಲೂ ಇದೇ ಬೇಲಿ ಎರಗುವುದುಂಟು.

ನಾಲ್ಕನೆಯದು ನಾಗದೋಷ. ನಮ್ಮ ಕಡೆಯೇ ಘಾಟಿ ಸುಬ್ರಹ್ಮಣ್ಯದ ಗುಡಿಯಿದೆ. ಮೈಮೇಲೆ ಏನು ಎದ್ದರೂ ಅಲ್ಲಿಗೆ ಹರಕೆ ಹೊರುವವರಿದ್ದಾರೆ. ಹೋಗಿ ಬನ್ನಿ, ಮನಸ್ಸಿಗೆ ನೆಮ್ಮದಿ ಸಿಗಲಿ. ಆ ನೆಮ್ಮದಿಯೂ ಚರ್ಮಕ್ಕೆ ಬೇಕು. ಆದರೆ ನಾಗರ ಕಲ್ಲಿಗೆ ಹಾಲೆರೆಯುವ ದಿನವೂ ಮಾತ್ರೆ ನುಂಗಿ. ನನಗೆ ಶಾಪ ತಟ್ಟಿದೆ ಎಂದು ಮಾತ್ರ ಅಂದುಕೊಳ್ಳಬೇಡಿ. ನೀವು ಯಾವ ತಪ್ಪೂ ಮಾಡಿಲ್ಲ.

ಐದನೆಯದು ತೋರಿಸುವ ಜಾಗ. ನೆಲಮಂಗಲದವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ದೊಡ್ಡ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹಳೆಯ ಚೀಟಿ, ವರದಿಗಳನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ. ಒಬ್ಬರೇ ವೈದ್ಯರ ಹತ್ತಿರ ತಾಳ್ಮೆಯಿಂದ ನಡೆಯಿರಿ. ತಿಂಗಳಿಗೊಮ್ಮೆ ಅದೇ ಬೆಳಕಿನಲ್ಲಿ ಫೋನಿನಲ್ಲಿ ಮಚ್ಚೆಯ ಚಿತ್ರ ತೆಗೆದಿಡಿ. ಕನ್ನಡಿಗೆ ಕಾಣದ ಸುಧಾರಣೆ ಆ ಚಿತ್ರಗಳಲ್ಲಿ ಕಾಣುತ್ತದೆ. ಬದುಕು ಸಾಕೆನಿಸುವಷ್ಟು ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಸಂಸ್ಥೆ ಅದರ ಮುಂದಾಳು. ಕನ್ನಡದಲ್ಲೇ ಮಾತಾಡಬಹುದು.

ಕೇಳುಗರೇ, ಇಷ್ಟು ಹೊತ್ತು ನೀವು ನನ್ನ ದನಿ ಕೇಳಿದಿರಿ. ನನ್ನ ಮೈಬಣ್ಣ ಏನು, ಮುಖದ ಮೇಲೆ ಮಚ್ಚೆ ಇದೆಯೋ ಇಲ್ಲವೋ ನಿಮಗೆ ಕಾಣಲಿಲ್ಲ. ಕಾಣದೆ ಇದ್ದದ್ದರಿಂದ ನನ್ನ ಮಾತಿನ ತೂಕ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಬಾನುಲಿಯಲ್ಲಿ ನೀವು ಮನುಷ್ಯರನ್ನು ಕೇಳುವ ಹಾಗೆಯೇ ಬಸ್ಸಿನಲ್ಲಿ, ಶಾಲೆಯಲ್ಲಿ, ಹೆಣ್ಣು ನೋಡಲು ಹೋದ ಮನೆಯಲ್ಲಿ ಎದುರಿಗೆ ಕೂತವರನ್ನೂ ಕೇಳಿ. ಅಷ್ಟು ಸಾಕು.

ನಮ್ಮ ಅತ್ತೆ ಈಗಿಲ್ಲ. ಅವರ ಬೆರಳಿಗೆ ಬಣ್ಣ ಮರಳಿಸುವ ಔಷಧ ಅಂದು ಯಾರ ಹತ್ತಿರವೂ ಇರಲಿಲ್ಲ. ಆದರೆ ಅರಿಶಿನದ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಹಿತ್ತಲಿಗೆ ಕೊಂಡುಹೋಗಿ, ‘ಬಾ ಅತ್ತೆ, ಮೊದಲು ನೀನು ಹಚ್ಚು’ ಎನ್ನಬಹುದಿತ್ತು. ಹತ್ತು ವರ್ಷದ ಹುಡುಗನಿಗೆ ಅದು ಹೊಳೆಯಲಿಲ್ಲ. ಮುಂದಿನ ಮದುವೆಯಲ್ಲಿ ಬಟ್ಟಲು ನಿಮ್ಮ ಕೈಗೆ ಬಂದಾಗ ನಿಮಗೆ ಹೊಳೆಯಲಿ.